ಹೊಸ ಕೌಂಟರಿಗೆ ಗರಗಸ ಹಾಕಿದ ದಿನ

೨೦೧೪ನೇ ಇಸವಿ. ಆ ವರ್ಷ ಗಣೇಶ ಚೌತಿ ಶುಕ್ರವಾರವೇ ಬಂದಿತ್ತು. ಆಗ ದುಬೈಯಲ್ಲಿ ಶುಕ್ರವಾರ ವಾರದ ರಜೆ. ರಜೆಯೂ ಹಬ್ಬವೂ ಒಟ್ಟಿಗೆ ಬಂದರೆ ಊರಿನವರ ಹೋಟೆಲಿನಲ್ಲಿ ಎಂಥ ನೂಕುನುಗ್ಗಲು ಆಗುತ್ತದೆಂದು ಅಲ್ಲಿ ದುಡಿದವರಿಗೇ ಗೊತ್ತು. ನಾನು ಅಲ್ ಮುರಕ್ಕಬಾತ್‌ನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದೆ.

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ಅದನ್ನು ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ಅದೇ ಹೋಟೆಲಿನ ದೋಸೆ ಕಾವಲಿಯ ಮುಂದೆ ವರ್ಷಗಟ್ಟಲೆ ನಿಂತು ಬಲಭುಜ ಹೋಯಿತು. ಕೈ ಮೇಲೆತ್ತಲು ಆಗದ ಹಾಗಾದಾಗ ಧಣಿ ಜಯಕರಣ್ಣನೇ ಕರೆದು, "ಸುಂದರಾ, ನೀನು ಇನ್ನು ಕೌಂಟರಲ್ಲಿ ಕೂತ್ಕೊ" ಎಂದರು. ಬಿಲ್ ಮಾಡುವ ಕಂಪ್ಯೂಟರನ್ನು ಕಲಿತೆ. ಒಂದೊಂದೇ ಬೆರಳಿನಲ್ಲಿ ಶುರು ಮಾಡಿ ಕೊನೆಗೆ ನೋಡದೆ ಒತ್ತುವಷ್ಟು ಕಲಿತೆ.

ಇದು ಮ್ಯಾನೇಜರ್ ಪ್ರಶಾಂತನಿಗೆ ಸರಿಬರಲಿಲ್ಲ. ಅವನು ಧಣಿಯ ಹೆಂಡತಿಯ ತಮ್ಮ, ಎಂ.ಕಾಂ. ಓದಿದವನು. ಕೌಂಟರಿನಲ್ಲಿ ಇಂಗ್ಲಿಷ್ ಮಾತಾಡುವವರು ಇರಬೇಕೆಂಬುದು ಅವನ ವಾದ. ಆ ವಾದವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆ ಕುರ್ಚಿ ಹೋದರೆ ನನಗೆ ಬೇರೆ ಕೆಲಸವಿರಲಿಲ್ಲ. ಕಾವಲಿಗೆ ಮರಳಲು ಭುಜ ಬಿಡುತ್ತಿರಲಿಲ್ಲ. ಕೆಲಸವಿಲ್ಲದವನಿಗೆ ವೀಸಾ ಎಲ್ಲಿಯದು?

ಆ ಬೇಸಿಗೆಯಲ್ಲಿ ಧಣಿ ಕೌಂಟರನ್ನು ಹೊಸದಾಗಿ ಮಾಡಿಸಿದ್ದರು. ಕನ್ನಡಿಯಂತೆ ಹೊಳೆಯುವ ಕಂದು ಹಲಗೆ. ಗೀರು ಬೀಳಬಾರದೆಂದು ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳಲು ಬಿಟ್ಟಿರಲಿಲ್ಲ. ಕಂಪ್ಯೂಟರ್ ಮಾತ್ರ ಹಳೆಯದೇ. ಮೊದಲು ಮೇಜಿನ ಕೆಳಗೆ ತೆರೆದ ಜಾಗದಲ್ಲಿದ್ದ ಅದರ ಡಬ್ಬಿಯನ್ನು ಬಡಗಿ ಕೌಂಟರಿನೊಳಗಿನ ಕಪಾಟಿಗೆ ತುರುಕಿ ಬಾಗಿಲು ಹಾಕಿದ್ದ. ಒಂದು ಪಕ್ಕದಲ್ಲಿ ತಂಪು ಪಾನೀಯದ ಫ್ರಿಜ್, ಮೇಲೆ ದೇವರ ಪಟ, ಅಗರಬತ್ತಿ.

ಅಂದಿನಿಂದ ತೊಂದರೆ ಶುರುವಾಯಿತು. ಊಟದ ಹೊತ್ತಿಗೆ ಜನ ತುಂಬಿದಾಗಲೇ ಕಂಪ್ಯೂಟರ್ ತಟ್ಟನೆ ಆರಿಹೋಗುವುದು. ನಾನು ಇಲ್ಲಿ ಒತ್ತಿದ ಆರ್ಡರು ಒಳಗೆ ಅಡುಗೆಮನೆಯಲ್ಲಿ ಚೀಟಿಯಾಗಿ ಬರಬೇಕು. ಕಂಪ್ಯೂಟರ್ ಆರಿದರೆ ಒಳಗಿನವರಿಗೆ ಯಾವ ಮೇಜಿಗೆ ಏನೆಂದೇ ಗೊತ್ತಾಗುವುದಿಲ್ಲ. ಕೂಡಲೇ ಪ್ರಶಾಂತ ಓಡಿಬರುತ್ತಿದ್ದ.

"ಸುಂದರಣ್ಣ, ಎಂತ ಒತ್ತಿದ್ರಿ?"

"ಎಂತದೂ ಒತ್ತಿಲ್ಲ. ಅದೇ ಆಫ್ ಆದದ್ದು."

"ಅದಾಗಿಯೇ ಹೇಗೆ ಆಫ್ ಆಗ್ತದೆ?"

ಅಡುಗೆಮನೆಯ ಕಿಂಡಿಯಿಂದ ಭಟ್ಟ ಉಮೇಶ ಕೂಗುತ್ತಿದ್ದ: "ಸುಂದರಣ್ಣೋ, ಕಾವಲಿ ಬಿಸಿ ಉಂಟು, ಬನ್ನಿ!" ಮಾಣಿಗಳೆಲ್ಲ ನಗುವರು. ಎಷ್ಟು ಸಲ ನುಂಗಿಕೊಳ್ಳುವುದು?

ಚೌತಿಗೆ ಮುಂಚಿನ ಬುಧವಾರ ನಾನೇ ಹತ್ತಿರದ ರಿಪೇರಿ ಅಂಗಡಿಯ ಸಮೀರನನ್ನು ಕರೆತಂದೆ. ನಮ್ಮ ಕರಾವಳಿಯ ಉಳ್ಳಾಲದ ಕಡೆಯ ಬ್ಯಾರಿ ಹುಡುಗ, ಕೆಲಸದಲ್ಲಿ ಗಟ್ಟಿಗ. ಕಪಾಟಿನ ಬಾಗಿಲು ತೆರೆದು ಡಬ್ಬಿಯ ಮೇಲೆ ಕೈಯಿಟ್ಟವನು ಹಾಗೇ ಹಿಂದೆಳೆದುಕೊಂಡ.

"ಎಂತ ಸುಂದರಣ್ಣ, ಇದರ ಮೇಲೆ ನೀರುದೋಸೆ ಹೊಯ್ಯಬಹುದಲ್ಲಾ!"

ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿಗೆ ಮರಳುಧೂಳು, ಎಣ್ಣೆಯ ಜಿಡ್ಡು, ಅಗರಬತ್ತಿಯ ಬೂದಿ ಎಲ್ಲ ಸೇರಿ ಕಂಬಳಿಯ ಹಾಗೆ ಅಂಟಿತ್ತು. ಅವನು ಬ್ರಷ್ಷಿನಲ್ಲಿ ಕೆರೆದು, ಗಾಳಿ ಊದಿ, ಒಳಗೆ ಯಾವುದೋ ಬಿಳಿ ಪೇಸ್ಟ್ ಹಚ್ಚಿದ. ಆಮೇಲೆ ಧಣಿಯ ಎದುರಿಗೇ ಹೇಳಿದ:

"ಕ್ಲೀನ್ ಮಾಡಿದ್ದೇನೆ ಅಣ್ಣ. ಆದ್ರೆ ಈ ಕಪಾಟಿನಲ್ಲಿ ಇಟ್ರೆ ಪುನಃ ಅದೇ ಕಥೆ. ಹಿಂದಿನಿಂದ ಬಿಸಿಗಾಳಿ ಹೊರಗೆ ಹೋಗ್ಬೇಕು, ಮುಂದಿನಿಂದ ತಣ್ಣನೆಯದು ಒಳಗೆ ಬರಬೇಕು. ನೆಲದಿಂದ ಸ್ವಲ್ಪ ಎತ್ತರಿಸಿ. ಕಂಪ್ಯೂಟರಿಗೂ ಉಸಿರಾಡ್ಲಿಕ್ಕೆ ಬೇಕಲ್ಲ?"

ಹೊರಗಿಡಲು ಜಾಗವಿರಲಿಲ್ಲ. ನನ್ನ ಬೆನ್ನ ಹಿಂದಿನ ಇಕ್ಕಟ್ಟಿನಲ್ಲೇ ಮಾಣಿಗಳು ತಟ್ಟೆ ಹಿಡಿದು ಓಡಾಡುತ್ತಿದ್ದರು. ಉಳಿದದ್ದು ಒಂದೇ ದಾರಿ. ಡಬ್ಬಿಯ ಹಿಂಬದಿಗೆ ಸರಿಯಾಗಿ ಕೌಂಟರಿನ ಮುಂದಿನ ಹಲಗೆಯಲ್ಲಿ, ಎಂದರೆ ಗಿರಾಕಿಗಳಿಗೆ ಕಾಣುವ ಕಡೆಯಲ್ಲಿ, ತೂತು ಮಾಡುವುದು.

"ಹುಚ್ಚಾ ನಿನಗೆ? ಹೊಸ ಕೌಂಟರ್ ಮಾರಾಯ!" ಎಂದರು ಧಣಿ.

ಪ್ರಶಾಂತ, "ಭಾವ, ಕೌಂಟರನ್ನು ಎಂತಕ್ಕೆ ಹಾಳು ಮಾಡುದು? ಹಬ್ಬ ಮುಗೀಲಿ, ಇಲ್ಲಿ ಬೇರೆ ಜನ ಕೂರಿಸುವ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಧಣಿ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ನನ್ನ ಮುಖ ಮಾತ್ರ ನೋಡಲಿಲ್ಲ.

ಮರುದಿನ ಮಧ್ಯಾಹ್ನದ ಊಟ ಮುಗಿದು ಹೋಟೆಲ್ ಬಾಗಿಲು ಹಾಕಿತ್ತು. ಧಣಿಯೂ ಪ್ರಶಾಂತನೂ ಬಾಳೆಲೆ ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಕಟ್ಟಡದ ರಿಪೇರಿ ನೋಡುವ ಪಠಾಣನ ಹತ್ತಿರ ಕರೆಂಟಿನ ಗರಗಸ ಕೇಳಿ ತಂದೆ. ಹೊಳೆಯುವ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಚೌಕ ಬರೆದು ಗರಗಸ ಇಟ್ಟೆ. ನನ್ನ ಕಡೆಯ ಕಪಾಟಿನ ಬಾಗಿಲನ್ನು ತಿರುಪು ಬಿಚ್ಚಿ ತೆಗೆದೇ ಬಿಟ್ಟೆ. ಬ್ರೆಡ್ಡು ಬರುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ, ಅದರ ಮೇಲೆ ಡಬ್ಬಿ ಕೂರಿಸಿದೆ. ಅಗರಬತ್ತಿಯನ್ನು ದೇವರಿಗೆ ಕೈಮುಗಿದು ಪಟದ ಆಚೆ ಬದಿಗೆ ಸರಿಸಿದೆ.

ಧಣಿ ಬಂದು ನೋಡಿ ಬಾಳೆಲೆಯ ಕಟ್ಟನ್ನು ಅಲ್ಲೇ ಕೆಳಗೆ ಹಾಕಿದರು.

"ಹಬ್ಬದ ಮುಂಚಿನ ದಿನ ಹೊಸ ಕೌಂಟರಿಗೆ ಗರಗಸ ಹಾಕಿದ್ಯಾ? ಯಾರನ್ನು ಕೇಳಿ?"

"ಯಾರನ್ನೂ ಕೇಳ್ಲಿಲ್ಲ. ಕೇಳಿದ್ರೆ ನೀವು ಬಿಡ್ತಿರ್ಲಿಲ್ಲ. ನಾಳೆ ಊಟದ ಹೊತ್ತಿಗೆ ಇದೊಂದು ಸಲ ಆಫ್ ಆದ್ರೆ ನಾನೇ ಟಿಕೆಟ್ ಮಾಡಿ ಊರಿಗೆ ಹೋಗ್ತೇನೆ ಧಣಿ. ಆಗದಿದ್ರೆ ಈ ಕುರ್ಚಿಯಿಂದ ನನ್ನನ್ನು ಎಬ್ಬಿಸ್ಬಾರ್ದು."

"ಟಿಕೆಟ್ ನೋಡಿಟ್ಕೊ" ಎಂದಷ್ಟೇ ಹೇಳಿ ಒಳಗೆ ಹೋದರು.

ಶುಕ್ರವಾರ ಬೆಳಗಿನಿಂದಲೇ ಜನ. ಪತ್ರೊಡೆ, ಕೊಟ್ಟೆ ಕಡುಬು, ಪಾಯಸ. ನಮಾಜ್ ಮುಗಿಸಿದವರೂ ಬಂದು ಸೇರಿದ ಮೇಲೆ ಕಾಲಿಡಲು ಜಾಗವಿಲ್ಲ. ಬಾಗಿಲು ತೆರೆದೇ ಇದ್ದುದರಿಂದ ಏಸಿ ಇದ್ದೂ ಇಲ್ಲದ ಹಾಗೆ. ನಾನು ಒತ್ತುತ್ತಲೇ ಇದ್ದೆ, ಒಳಗೆ ಚೀಟಿ ಹೋಗುತ್ತಲೇ ಇತ್ತು. ಉಮೇಶನಿಗೆ ಕೂಗಲು ಪುರುಸೊತ್ತೇ ಸಿಗಲಿಲ್ಲ.

ಇದ್ದಕ್ಕಿದ್ದಂತೆ ಕಾಲ ಹತ್ತಿರ ಫ್ಯಾನು ಕಿರುಚತೊಡಗಿತು. ಒತ್ತಿದರೆ ಅಕ್ಷರ ನಿಧಾನವಾಗಿ ಮೂಡುತ್ತಿತ್ತು. ಎದ್ದು ಬಗ್ಗಿ ನೋಡಿದರೆ, ನಾನು ಕೊರೆದ ತೂತಿಗೆ ಒತ್ತಿಕೊಂಡು ದೊಡ್ಡ ದೊಡ್ಡ ಶಾಪಿಂಗ್ ಚೀಲಗಳು. ಅವುಗಳ ಪಕ್ಕದಲ್ಲಿ ಊರಿನವರ ಸಂಘದ ಹಿರಿಯರೊಬ್ಬರು ನಿಂತಿದ್ದರು. ಎಲ್ಲರೂ ನಮಸ್ಕಾರ ಹೇಳುವಂಥವರು.

"ಸರ್, ಆ ಚೀಲ ಅಲ್ಲಿಂದ ತೆಗೀರಿ."

"ಏನಂತೆ?"

"ಚೀಲ ತೆಗೀರಿ. ಈಗಲೇ."

ಅವರ ಮುಖ ಕೆಂಪಾಯಿತು. "ನೀನ್ಯಾರಯ್ಯಾ ನನಗೆ ಹೇಳ್ಲಿಕ್ಕೆ?"

"ಈ ಕೌಂಟರಿನವ. ತೆಗೀರಿ."

ಪ್ರಶಾಂತ ದೂರದಿಂದಲೇ ತಲೆಯ ಮೇಲೆ ಕೈಯಿಟ್ಟುಕೊಂಡ. ನಾನು ಆ ಹಿರಿಯರ ಮುಖವನ್ನೇ ನೋಡುತ್ತ ನಿಂತೆ. ಅಷ್ಟರಲ್ಲಿ ಜಯಕರಣ್ಣ ಜನರ ನಡುವೆ ತೂರಿ ಬಂದರು. ನನಗೆ ಬೈಗುಳ ಕಾದಿದೆ ಎಂದುಕೊಂಡೆ. ಅವರು ಬಗ್ಗಿ ಆ ಚೀಲಗಳನ್ನು ತಾವೇ ಎತ್ತಿ ಆಚೆ ಇಟ್ಟರು.

"ಬೇಸರ ಮಾಡ್ಬೇಡಿ, ಸ್ವಲ್ಪ ಈಚೆ ನಿಲ್ಲಿ. ಅಲ್ಲಿ ಗಾಳಿ ಹೋಗ್ಲಿಕ್ಕೆ ಉಂಟು" ಎಂದರು. ಆಮೇಲೆ ಜನ ಕಡಿಮೆಯಾಗುವವರೆಗೂ ಆ ತೂತಿನ ಪಕ್ಕದಲ್ಲೇ ಕಾವಲು ಕಾಯುವವರ ಹಾಗೆ ನಿಂತಿದ್ದರು. ಫ್ಯಾನಿನ ಕಿರುಚಾಟ ಮೆಲ್ಲನೆ ಇಳಿಯಿತು. ಕಂಪ್ಯೂಟರ್ ಅಂದು ಒಮ್ಮೆಯೂ ಆರಲಿಲ್ಲ.

ಮುಂದಿನ ವಾರ ಬಡಗಿ ಬಂದು ಆ ತೂತಿಗೆ ಹಿತ್ತಾಳೆಯ ಜಾಲರಿ ಹೊಡೆದು ಹೋದ. ನೋಡಲು ಚೆನ್ನಾಗಿಯೇ ಇತ್ತು. ಒಂದು ದಿನ ಅಬುಧಾಬಿಯ ಹೋಟೆಲಿನವರೊಬ್ಬರು ಬಂದು ಅದೇನೆಂದು ಕೇಳಿದಾಗ ಧಣಿ ನಗುತ್ತ, "ಅದು ನಾವೇ ಮಾಡ್ಸಿದ್ದು, ಕಂಪ್ಯೂಟರಿಗೆ ಗಾಳಿ ಬೇಕಲ್ಲ" ಎಂದರು.

"ನೀವು ಮಾಡ್ಸಿದ್ದು ಜಾಲರಿ ಧಣಿ. ತೂತು ನಾನು ಮಾಡಿದ್ದು" ಎಂದೆ, ಆ ಹೋಟೆಲಿನವರ ಎದುರಿಗೇ.

ಧಣಿ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ, "ಹೌದು, ಇವನೇ ಮಾಡಿದ್ದು. ಕೇಳದೆ ಮಾಡಿದ್ದು" ಎಂದರು.

ಊರಿಗೆ ಮರಳುವವರೆಗೂ ಆ ಕುರ್ಚಿಯಲ್ಲಿ ನಾನೇ ಕೂತೆ. ಅಷ್ಟು ಜನರೆದುರು ದೊಡ್ಡವರಿಗೆ ಎದುರಾಡಬಾರದಿತ್ತು ಎಂದು ಈಗಲೂ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಆ ಹೊತ್ತಿನಲ್ಲಿ ಮರ್ಯಾದೆ ನೋಡುತ್ತ ಸುಮ್ಮನೆ ಕೂತಿದ್ದರೆ, ನನ್ನ ಅನ್ನದ ದಾರಿ ನನ್ನ ಕಣ್ಣೆದುರೇ ಮುಚ್ಚಿಹೋಗುತ್ತಿತ್ತು. ಅಂಥ ದಿನ ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಗರಗಸ ಹಿಡಿಯುತ್ತೇನೆ, ಆಗಲೂ ಯಾರನ್ನೂ ಕೇಳುವುದಿಲ್ಲ.