ಪೆಟ್ರೋಲ್ ಖಾಲಿಯಾದ ಬೆಳಗುಗಳು

ತಿರುವು ದಾಟಿದರೆ ಒಂಟಿ ಸಲಗ ರಸ್ತೆಯ ಮೇಲೇ ನಿಂತಿತ್ತು, ಇಪ್ಪತ್ತು ಹೆಜ್ಜೆ ದೂರದಲ್ಲಿ. ಸ್ಕೂಟರ್ ನಾನು ನಿಲ್ಲಿಸಿದೆನೋ, ತಾನಾಗಿಯೇ ನಿಂತಿತೋ, ಈಗಲೂ ನೆನಪಿಗೆ ಬರುವುದಿಲ್ಲ. ಶಾಲೆಗೆ ಹೊರಟಿದ್ದ ಏಳು ವರ್ಷದ ಮಗಳು ಹಿಂದಿನಿಂದ ನನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು. ಆನೆ ಕಿವಿ ಬೀಸುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿತು. ಆಮೇಲೆ ತಂತಿಬೇಲಿ ತುಳಿದು ಕಾಫಿ ಗಿಡಗಳ ನಡುವೆ ಇಳಿದುಹೋಯಿತು. ನಡೆದದ್ದು ಅಷ್ಟೇ. ಆದರೂ ಆ ಕಿವಿ ನಿಂತ ಗಳಿಗೆ, ನಾನು ಪಾತ್ರೆ ತೊಳೆಯುತ್ತಿರುವಾಗಲೂ ಎದುರಿಗೆ ಬರುತ್ತದೆ.

ಮಗಳು ಅಳತೊಡಗಿದಳು. ನಾನು ನಕ್ಕುಬಿಟ್ಟೆ. ಗಣಪತಿ ದರ್ಶನ ಕೊಟ್ಟರೆ ಯಾರಾದರೂ ಅಳುತ್ತಾರಾ ಎಂದೆ. ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದವಳು ನಾನು.

ಆನೆಗಳು ಎಲ್ಲಿವೆಯೆಂದು ತಿಳಿಸುವ ಅರಣ್ಯ ಇಲಾಖೆಯ ಸಂದೇಶ ನಮ್ಮ ಕಡೆ ಬೆಳಗ್ಗೆ ಮೊಬೈಲಿಗೆ ಬರುತ್ತದೆ. ಆಮೇಲಿಂದ ನಾನು ಅದನ್ನು ಓದಿ ಹೇಳುವವರೆಗೂ ಅವಳು ಶೂ ಹಾಕುತ್ತಿರಲಿಲ್ಲ. ನಮ್ಮೂರಿನ ಹೆಸರಿದ್ದ ದಿನವೂ ದೂರದ ಊರೊಂದರ ಹೆಸರು ಹಾಕಿ ನಾನು ಓದುತ್ತಿದ್ದುದು ಒಂದೇ: "ಹೆತ್ತೂರ್ ಕಡೆ ಹೋಗ್ಬುಟ್ಟೈತಂತೆ ಕಣೇ." ಅಂಥ ದಿನ ಸ್ಕೂಟರಿಗೆ ಪೆಟ್ರೋಲ್ ಇಲ್ಲವೆಂದು ನೆಪ ಹೇಳಿ ಪಕ್ಕದ ಎಸ್ಟೇಟಿನ ಜೀಪಿನಲ್ಲಿ ಕಳಿಸುತ್ತಿದ್ದೆ.

ಕೆಲವು ತಿಂಗಳಲ್ಲಿ ಅವಳು ಆನೆ ಎಲ್ಲಿದೆಯೆಂದು ಕೇಳುವುದನ್ನು ನಿಲ್ಲಿಸಿದಳು. ಹೆದರಿಕೆ ಹೋಯಿತೆಂದು ಅತ್ತೆಯ ಹತ್ತಿರ ಹೇಳಿಕೊಂಡು ಹಿಗ್ಗಿದೆ. ಜೀಪಿನ ಡ್ರೈವರ್ ಅವಳನ್ನು ರೇಗಿಸಿದ್ದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆನೆ ನಿಮ್ಮನೆ ಹಿಂದೆ ನಿಂತ ದಿನವೇ ನಿಮ್ಮಮ್ಮನ ಪೆಟ್ರೋಲ್ ಖಾಲಿಯಾಗುತ್ತದಲ್ಲ ಮಾರಾಯ್ತಿ, ಅಂದಿದ್ದನಂತೆ.

ಮೊನ್ನೆ ರೊಟ್ಟಿ ತಟ್ಟುತ್ತಿದ್ದೆ. ಮೊಬೈಲ್ ಸದ್ದಾಯಿತು. ಕೈಯೆಲ್ಲ ಹಿಟ್ಟು, ನೀನೇ ಓದೆಂದೆ. ಅವಳೀಗ ಮೂರನೇ ಕ್ಲಾಸು. ಸ್ವಲ್ಪ ಹೊತ್ತು ನೋಡಿ ಹೇಳಿದಳು: "ಹೆತ್ತೂರ್ ಕಡೆ ಹೋಗ್ಬುಟ್ಟೈತಂತೆ ಕಣಮ್ಮ."

ನನ್ನದೇ ಮಾತು, ನನ್ನದೇ ರಾಗ. ಕೈ ತೊಳೆದು ಬಂದು ಮೊಬೈಲ್ ನೋಡಿದೆ. ಆನೆ ನಮ್ಮ ತಿರುವಿನಲ್ಲೇ ಇತ್ತು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ನೀ ಹೆದ್ರ್ಕತೀಯಲ್ಲ, ಅದ್ಕೆ. ಅವತ್ತು ಸ್ಕೂಟರ್ ಮೇಲೆ ನಿನ್ ಹೊಟ್ಟೆ ನಡುಗ್ತಿತ್ತು."

ನನ್ನ ನಗುವನ್ನು ಅವಳು ಒಂದು ಗಳಿಗೆಯೂ ನಂಬಿರಲಿಲ್ಲ. ಇಷ್ಟು ದಿನ ಇಬ್ಬರ ಹೆದರಿಕೆಯನ್ನೂ ಒಬ್ಬಳೇ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಕೂತು, ನನಗೂ ತುಂಬ ಹೆದರಿಕೆಯಾಗಿತ್ತು, ಈಗಲೂ ಆಗುತ್ತದೆ ಎಂದೆ. ಅವತ್ತೇ, ಆ ತಿರುವಿನಲ್ಲೇ ಹೇಳಬೇಕಾಗಿದ್ದ ಮಾತು.

ಅವಳು ಶೂ ಲೇಸ್ ಕಟ್ಟುತ್ತ, ತಲೆ ಎತ್ತದೆ ಕೇಳಿದಳು:

"ಹಂಗಾರೆ ಇವತ್ತು ಪೆಟ್ರೋಲ್ ಐತಾ?"