ಆನೆ ಬೇಲಿಯ ಪಕ್ಕದ ಗಿಟಾರ್

ಸಂಜೆ ಎಸ್ಟೇಟಿನಿಂದ ಬಂದ ಶಶಿಕುಮಾರ್ ಮನೆಯೊಳಗೆ ಕಾಲಿಡುವ ಮೊದಲು ಬೇಲಿಯ ಹತ್ತಿರ ಹೋಗುತ್ತಾನೆ. ದಾರಿಯಲ್ಲಿ ಒಂದು ಹಸಿ ಹುಲ್ಲಿನ ಕಡ್ಡಿ ಕಿತ್ತುಕೊಳ್ಳುತ್ತಾನೆ. ಅದರ ತುದಿಯನ್ನು ತಂತಿಯ ಮೇಲಿಟ್ಟು ಮೆಲ್ಲಗೆ ಮುಂದಕ್ಕೆ ಜಾರಿಸುತ್ತಾನೆ. ಬೆರಳು ತಂತಿಗೆ ಹತ್ತಿರವಾದಂತೆ ಇರುವೆ ಕಚ್ಚಿದ ಹಾಗೆ ಚುರುಕು ಮುಟ್ಟುತ್ತದೆ. ಅಷ್ಟಾದರೆ ಬೇಲಿಗೆ ಜೀವ ಇದೆ ಎಂದರ್ಥ. ಹುಲ್ಲನ್ನು ಎಸೆದು, ಕೈ ಕೊಡವಿ, ಆಮೇಲೆ ಕಾಲು ತೊಳೆಯಲು ಹೋಗುತ್ತಾನೆ. ಜ್ವರ ಬಂದ ದಿನವೂ ಹೆಂಡತಿಯ ಶಾಲು ಹೊದ್ದುಕೊಂಡು ಹೋಗಿ ಮುಟ್ಟಿ ಬಂದದ್ದನ್ನು ನೋಡಿದ್ದೇನೆ. ನಾನು ದೇವರಿಗೆ ದೀಪ ಹಚ್ಚುವ ಹೊತ್ತೂ ಅವನು ಬೇಲಿ ಮುಟ್ಟುವ ಹೊತ್ತೂ ಒಂದೇ.

ಅದು ಆನೆ ಬೇಲಿ. ಕುಶಾಲನಗರದಿಂದ ಮಡಿಕೇರಿ ಕಡೆಗೆ ಹೋಗುವಾಗ ಕಾಡಿಗೆ ಅಂಟಿಕೊಂಡಂತೆ ನಮ್ಮ ಮೂರು ಮನೆಗಳಿವೆ: ಶಶಿಯದು, ನಿಂಗಮ್ಮನದು, ನಮ್ಮದು. ಮೂವರ ಹಿರಿಯರೂ ಹಾಸನದ ಕಡೆಯಿಂದ ಬಂದು ನೆಲೆಸಿದವರು. ಮೂರು ಮನೆಯ ಗದ್ದೆ, ಶುಂಠಿ, ಬಾಳೆಯನ್ನೆಲ್ಲ ಒಂದೇ ಸೋಲಾರ್ ಬೇಲಿ ಸುತ್ತಿದೆ. ತಂತಿಗೆ ಕರೆಂಟ್ ಬಿಡುವ ಪೆಟ್ಟಿಗೆ ಶಶಿಯ ಶೆಡ್ಡಿನಲ್ಲಿದೆ. ಬೇಲಿ ಹಾಕಿದ ವರ್ಷ ಅವನ ಅಪ್ಪ ಸಣ್ಣಸ್ವಾಮಿ ಆ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡಿದ್ದ. ಅಪ್ಪ ಹೋದ ಮೇಲೆ ಅದು ಮಗನ ತಲೆಗೆ ಬಂತು. ನಿನಗೆ ಆಗುತ್ತದಾ ಎಂದು ಅವನನ್ನು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಹಗಲಿಡೀ ಅವನಿಗೆ ಎಸ್ಟೇಟಿನಲ್ಲಿ ರೈಟರ್ ಕೆಲಸ. ಆಳುಗಳ ಹಾಜರಿ, ಯಾವ ಬ್ಲಾಕಿಗೆ ಯಾರು, ಮಾಲೀಕರ ಫೋನು, ಆಳುಗಳಿರುವ ಲೈನಿನ ಮನೆಗಳಲ್ಲಿ ನೀರಿಲ್ಲ ಎಂಬ ಜಗಳ. ಮೇಲಿನವರ ಮಾತು ಕೆಳಗಿನವರಿಗೆ, ಕೆಳಗಿನವರ ಮಾತು ಮೇಲಿನವರಿಗೆ ಹೇಳಿ ಹೇಳಿ, ಮನೆಗೆ ಬಂದಾಗ ಅವನಲ್ಲಿ ಸ್ವಂತದ ಮಾತೇ ಉಳಿದಿರುವುದಿಲ್ಲ. "ಗೋಡೆ ಜೊತೆ ಸಂಸಾರ ಮಾಡ್ದಂಗೆ ಅಕ್ಕ," ಎಂದು ಅವನ ಹೆಂಡತಿ ರಂಜಿತಾ ನನ್ನ ಹತ್ತಿರ ಹೇಳುವುದುಂಟು. ಆ ಗೋಡೆ ಬಾಯಿ ಬಿಡುವುದು ಭಾನುವಾರ ಮಾತ್ರ, ಗಿಟಾರ್ ಕೈಗೆ ಬಂದಾಗ.

ಗಿಟಾರನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. ವಯಸ್ಸಿನಲ್ಲಿ ಮಡಿಕೇರಿಯ ಮದುವೆಮನೆಯೊಂದರಲ್ಲಿ ಬ್ಯಾಂಡಿನವರು ನುಡಿಸಿದ್ದನ್ನು ಕೇಳಿ ಮರುಳಾದವನು. ಎಷ್ಟೋ ವರ್ಷದ ಮೇಲೆ, ಬ್ಯಾಂಡು ಬಿಟ್ಟು ಹೋಗುತ್ತಿದ್ದ ಒಬ್ಬರಿಂದ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ ಅದರ ಸದ್ದು ಹೊರಡಿಸುವ, ಅಕ್ಕಿ ಡಬ್ಬದಷ್ಟು ದೊಡ್ಡ ಆಂಪನ್ನೂ ತಂದುಕೊಂಡ. ಅವನು ನುಡಿಸುವುದು ನಿಧಾನದ ಧಾಟಿಗಳು. ಒಂದು ಸ್ವರ ಹಿಡಿದು ಅದು ಪೂರ್ತಿ ಆರುವ ತನಕ ಕಾಯುತ್ತಾನೆ.

ಭಾನುವಾರ ಮಧ್ಯಾಹ್ನ ಅವನ ಜಗಲಿಗೆ ಇನ್ನಿಬ್ಬರು ಬರುತ್ತಾರೆ. ಒಬ್ಬ ದಿಗಂತ್, ಕಕ್ಕಬೆ ಕಡೆಯವನು, ಮನೆಯಲ್ಲಿ ಅರೆಭಾಷೆ ಮಾತಾಡುವ ಹುಡುಗ, ಕುಶಾಲನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬ ಸಿದ್ಧಾರ್ಥ, ಬ್ಯಾಂಕಿನಲ್ಲಿ ಕೆಲಸ. ಇಬ್ಬರೂ ತಮ್ಮ ತಮ್ಮ ಗಿಟಾರ್ ಹೊತ್ತುಕೊಂಡು ಬರುತ್ತಾರೆ. ನಮ್ಮ ಜಗಲಿಗೂ ಅವರ ಜಗಲಿಗೂ ನಡುವೆ ಒಂದು ದಾಸವಾಳದ ಸಾಲು ಅಷ್ಟೆ. ಹೂಬತ್ತಿ ಹೊಸೆಯುತ್ತಾ ಕೂತರೆ ಎಲ್ಲವೂ ಕೇಳುತ್ತದೆ.

ನುಡಿಸುವುದಕ್ಕಿಂತ ಅವರ ಮಾತೇ ಜಾಸ್ತಿ. ಮಾತೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ವಿಷಯಕ್ಕೆ: ಶಶಿಯ ಆಂಪಿನೊಳಗಿನ ಟಿಕ್ ಸದ್ದು. ಬೇಲಿಯ ಪೆಟ್ಟಿಗೆ ಕರೆಂಟನ್ನು ಒಂದೇ ಸಮ ಬಿಡುವುದಿಲ್ಲ, ಬಿಟ್ಟು ಬಿಟ್ಟು ಒಂದೊಂದು ಪೆಟ್ಟು ಕೊಡುತ್ತದೆ. ಆ ಪ್ರತಿ ಪೆಟ್ಟೂ ಗಿಟಾರಿನ ಪಿಕಪ್ಪಿಗೆ ಸಿಕ್ಕಿ ಆಂಪಿನಲ್ಲಿ ಟಿಕ್, ಟಿಕ್ ಎನ್ನುತ್ತಿತ್ತು. ಪಿಕಪ್ ಎಂದರೆ ತಂತಿಗಳ ಕೆಳಗಿರುವ, ತಾಮ್ರದ ಎಳೆ ಸುತ್ತಿದ ಅಯಸ್ಕಾಂತ. ತಂತಿಯ ಅದುರಾಟವನ್ನು ಹಿಡಿದು ಆಂಪಿಗೆ ಕಳಿಸುವುದು ಅದರ ಕೆಲಸವಂತೆ. ಕೇಳಿ ಕೇಳಿ ನನಗೂ ಇಷ್ಟು ಗೊತ್ತಾಗಿದೆ.

"ಅಣ್ಣ, ನಿಮ್ದು ಸಿಂಗಲ್ ಕಾಯಿಲ್ ಪಿಕಪ್. ಊರಲ್ಲಿರೋ ಸದ್ದನ್ನೆಲ್ಲ ಎಳ್ಕೊಳ್ಳತ್ತೆ," ಎನ್ನುತ್ತಿದ್ದ ಸಿದ್ಧಾರ್ಥ. "ಹಂಬಕರ್ ಹಾಕ್ಸಿ. ಅದ್ರಲ್ಲಿ ಎರಡು ಸುರುಳಿ ಇರತ್ತೆ. ಒಂದು ಎಳ್ಕೊಂಡ ಗಲಾಟೆನ ಇನ್ನೊಂದು ಹೊಡೆದು ಹಾಕತ್ತೆ."

"ಎಂತ ಹಂಬಕರ್ ಮಾರಾಯ!" ದಿಗಂತನಿಗೆ ಸಿಟ್ಟೇ ಬರುತ್ತಿತ್ತು. "ಗಂಟೆ ಥರ ಇರೋ ಟೋನ್ ಇವ್ರದ್ದು. ಹಂಬಕರ್ ಹಾಕಿದ್ರೆ ಕಂಬಳಿ ಹೊದ್ದು ಹಾಡಿದಂಗೆ ಕೇಳತ್ತೆ."

"ನಿಂಗೆ ಮೊಬೈಲ್ ಸ್ಪೀಕರ್ ಕೇಳಿ ಕೇಳಿ ಕಿವಿ ಹೋಗಿದೆ ಬಿಡು."

"ನಿಂಗೆ ನೋಟು ಎಣಿಸೋ ಮೆಷಿನ್ ಕೇಳಿ ಕೇಳಿ ಹೋಗಿದೆ."

ರಂಜಿತಾ ಕಾಫಿ ತಂದಿಡುತ್ತಾ ಹೇಳುವಳು, "ನುಡ್ಸೋದು ಎರಡು ನಿಮಿಷ, ಮಾತು ಎರಡು ಗಂಟೆ. ಪಾತ್ರೆ ತೊಳೆಯೋದ್ರಲ್ಲೇ ಊಟದ ಹೊತ್ತು ಮೀರ್ಸೋ ಜನ ನೀವು."

ಒಮ್ಮೆ ದಿಗಂತ್ ಒಂದು ಪೆಡಲ್ ತಂದುಕೊಟ್ಟ. ಕಾಲಲ್ಲಿ ಒತ್ತುವ ಸಣ್ಣ ಡಬ್ಬಿ. ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಪೂರ್ತಿ ಮುಚ್ಚಿಬಿಡುತ್ತದೆ. ಟಿಕ್ ನಿಂತಿತೇನೋ ನಿಜ, ಆದರೆ ಶಶಿಯ ಸ್ವರಗಳು ಆರುವ ಮೊದಲೇ ತುಂಡಾಗತೊಡಗಿದವು. "ಮಾತು ಮುಗಿಯೋಕೆ ಮುಂಚೆ ಬಾಗ್ಲು ಹಾಕ್ಕೊಳ್ಳೋರ ಥರ ಇದೆ ಕಣೋ ಇದು," ಎಂದು ಅವನು ವಾಪಸ್ ಕೊಟ್ಟ. ಇನ್ನೊಮ್ಮೆ ಮೂವರೂ ಸೇರಿ ಹಿತ್ತಿಲಿನಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಆಂಪಿಗೇ ಬೇರೆ ಅರ್ತಿಂಗ್ ಮಾಡಿದರು. ಟಿಕ್ ಸ್ವಲ್ಪ ಸಣ್ಣದಾಯಿತು, ಹೋಗಲಿಲ್ಲ.

ಗಿಟಾರ್ ಹುಚ್ಚಿನವರದೇ ಒಂದು ವಾಟ್ಸಾಪ್ ಗುಂಪಿದೆ. ದಿಗಂತ್ ಒಂದು ಸಲ ಶಶಿ ನುಡಿಸಿದ್ದನ್ನು ಅದಕ್ಕೆ ಹಾಕಿದ. ಶ್ರೀಮಂಗಲದ ಯಾರೋ ಉತ್ತರ ಬರೆದಿದ್ದರು: "ಚೆನ್ನಾಗಿದೆ ಅಣ್ಣ. ಆದ್ರೆ ತಾಳ ಹಾಕೋರನ್ನ ಬದಲಾಯ್ಸಿ, ಒಂಚೂರೂ ಲಯ ಇಲ್ಲ." ಎಲ್ಲರೂ ನಕ್ಕರು, ಶಶಿಯೂ ನಕ್ಕ. ಆದರೆ ಆ ರೆಕಾರ್ಡಿಂಗನ್ನು ಅವನು ಒಬ್ಬನೇ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದನೆಂದು ರಂಜಿತಾ ಹೇಳಿದಳು. ಒಂದೇ ಒಂದು ಸಲ ಆ ಟಿಕ್ ಇಲ್ಲದೆ ನುಡಿಸಿದ್ದನ್ನು ಕೇಳಬೇಕೆಂಬುದು ಅವನ ಮನಸ್ಸಿಗೆ ಅಂಟಿಕೊಂಡಿತು. ಅವನು ಬೇರೇನನ್ನೂ ಬಯಸಿದ್ದನ್ನು ನಾನು ಕಂಡವಳಲ್ಲ.

ಕಾರ್ತಿಕದ ಒಂದು ಭಾನುವಾರ ಅದು ಆಯಿತು. ಮಧ್ಯಾಹ್ನವೆಲ್ಲ ಮಾತು, ನುಡಿಸಾಟ ನಡೆದಿತ್ತು. ಬಿಸಿಲು ಇಳಿಯುವಾಗ ಶಶಿ ಎದ್ದುಹೋಗಿ ಎಂದಿನಂತೆ ಹುಲ್ಲಿನಿಂದ ಬೇಲಿ ಮುಟ್ಟಿ ಬಂದ. ಆಗ ಸಿದ್ಧಾರ್ಥ ಹೇಳಿದ, "ಅಣ್ಣ, ಒಂದು ಹತ್ತು ನಿಮಿಷ ಬಾಕ್ಸ್ ಆಫ್ ಮಾಡಿದ್ರೆ ಏನು? ಇನ್ನೂ ಬೆಳಕಿದೆ. ಒಂದು ರೆಕಾರ್ಡಿಂಗ್ ಮಾಡ್ಕೊಂಡು ಆನ್ ಮಾಡಣ."

ಶಶಿ ಇಳಿಯುತ್ತಿದ್ದ ಬಿಸಿಲಿನ ಕಡೆ ಒಮ್ಮೆ ನೋಡಿದ. ಆಮೇಲೆ ಶೆಡ್ಡಿಗೆ ಹೋಗಿ ಬಂದ.

ಆ ಸಂಜೆ ನುಡಿಸಿದ್ದನ್ನು ನಾನೂ ಕೇಳಿದೆ. ದೇವರ ಮುಂದೆ ಬತ್ತಿ ಹಚ್ಚಿ ಕೂತಿದ್ದೆ. ಒಂದೊಂದು ಸ್ವರವೂ ತೊಳೆದಿಟ್ಟ ಹಾಗೆ ಬರುತ್ತಿತ್ತು. ಮುಗಿಯುತ್ತಲೇ ದಿಗಂತ್ "ಅಣ್ಣಾ!" ಎಂದು ಕೂಗಿದ. ಫೋನಿನಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ಗುಂಪಿಗೆ ಹಾಕಿದರು. ರಂಜಿತಾ ಬಿಸಿ ಬಿಸಿ ಉಪ್ಪಿಟ್ಟು ತಂದಳು. ಅದನ್ನು ತಿಂದು, ನಗುತ್ತಾ ಇಬ್ಬರೂ ಬೈಕು ಹತ್ತಿ ಹೋದರು. ಶಶಿ ಬೇಲಿ ಮುಟ್ಟಿ ಬಂದಾಗಿತ್ತಲ್ಲ, ಆ ದಿನದ ಕೆಲಸ ಮುಗಿದಿದೆ ಎಂದೇ ಅವನ ತಲೆಯಲ್ಲಿತ್ತು. ದಿನವೂ ತಪ್ಪದೆ ಮಾಡುವ ಕೆಲಸ ಮನುಷ್ಯನನ್ನು ಹೀಗೂ ಮಲಗಿಸಿಬಿಡುತ್ತದೆ.

ಬೆಳಿಗ್ಗೆ ನಿಂಗಮ್ಮನ ಕೂಗಿಗೆ ಎಲ್ಲರೂ ಎದ್ದು ಓಡಿದೆವು. ಅವಳ ಬಾಳೆಯ ಸಾಲು ನೆಲಕ್ಕೆ ಮಲಗಿತ್ತು. ಶುಂಠಿಯ ಪಾತಿಗಳ ಮೇಲೆ ಬೋಗುಣಿ ಇಟ್ಟು ಒತ್ತಿದ ಹಾಗೆ ಆನೆಯ ಹೆಜ್ಜೆಗಳು. ಹಟ್ಟಿಯ ಬಾಗಿಲ ಬಳಿಯ ನೀರಿನ ಡ್ರಮ್ಮು ಅಪ್ಪಚ್ಚಿಯಾಗಿ ಬಿದ್ದಿತ್ತು. ದಿನವೂ ಕೋಳಿ ಕೂಗುವ ಮೊದಲೇ ನಿಂಗಮ್ಮ ಹಾಲು ಕರೆಯಲು ಅದೇ ಬಾಗಿಲಿಗೆ ಬರುವವಳು. ಅವತ್ತು ಸೊಂಟ ಹಿಡಿದುಕೊಂಡಿತ್ತೆಂದು ಬೆಳಕಾಗುವ ತನಕ ಮಲಗಿದ್ದಳು. ಭಗವಂತನ ದಯೆ ಎನ್ನದೆ ಇದನ್ನು ಬೇರೇನೆನ್ನಲಿ?

ಶಶಿ ಆ ಡ್ರಮ್ಮನ್ನೇ ನೋಡುತ್ತಾ ನಿಂತ. ಆಮೇಲೆ ಶೆಡ್ಡಿನ ಕಡೆಗೆ ಓಡಿದ. ಅಲ್ಲಿಂದ ನೇರ ನಿಂಗಮ್ಮನ ಮುಂದೆ ಬಂದು ನಿಂತ. ತಂತಿ ಎಲ್ಲಿಯೋ ಕಡಿದಿರಬೇಕು, ಮರದ ಕೊಂಬೆ ಬಿದ್ದಿರಬೇಕು ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಅವನು ಸುಮ್ಮನಿದ್ದರೆ ಹಾಗೆಂದೇ ನಂಬುತ್ತಿದ್ದೆವು.

"ಚಿಕ್ಕವ್ವ, ಬೇಲಿ ಆಫ್ ಮಾಡಿದ್ದು ನಾನು," ಎಂದ. "ಗಿಟಾರ್ ರೆಕಾರ್ಡಿಂಗ್‌ಗೆ ಅಂತ. ಆನ್ ಮಾಡೋದು ಮರ್ತೆ."

ನಿಂಗಮ್ಮ ಮುರಿದ ಬಾಳೆಯ ದಿಂಡಿನ ಮೇಲೆ ಕೂತುಬಿಟ್ಟಳು. "ಕುಡ್ದು ಮರ್ತಿದ್ರೆ ಬಾಯ್ತುಂಬ ಬೈತಿದ್ದೆ ಕಣ್ಲಾ. ತಂತಿ ಮೀಟ್ತಾ ಮರ್ತೋನ್ನ ಏನಂತ ಬೈಲಿ? ಹೋಗ್ಲಾ, ಕಣ್ಮುಂದೆ ನಿಂತ್ಕಬ್ಯಾಡ."

ಹೋಗೆಂದರೂ ಅವನು ಹೋಗಲಿಲ್ಲ. ಕತ್ತಿ ತಂದು ಬಿದ್ದ ಬಾಳೆಗಳನ್ನು ಕಡಿದು ರಾಶಿ ಹಾಕಿದ. ಮುಂದಿನ ರಜಾದಿನಗಳಲ್ಲೆಲ್ಲ ಅವಳ ಪಾತಿಗಳಲ್ಲೇ ಇದ್ದ, ಉಳಿದ ಶುಂಠಿಗೆ ಮಣ್ಣು ಏರಿಸುತ್ತಾ, ಬಾಳೆಕಂದು ನೆಡುತ್ತಾ. ನಿಂಗಮ್ಮ ಮೊದಲು ಮುಖ ತಿರುಗಿಸಿದಳು, ಆಮೇಲೆ ನೀರು ಕೊಟ್ಟಳು, ಆಮೇಲೆ ಊಟಕ್ಕೆ ಕರೆದಳು. ಗಿಟಾರ್ ಚೀಲದೊಳಗೆ ಸೇರಿ ಗೋಡೆಯ ಗೂಟದಲ್ಲಿ ನೇತಾಡಿತು. ದಿಗಂತ್ ಫೋನ್ ಮಾಡಿದರೆ "ಕೆಲ್ಸ ಇದೆ ಕಣೋ" ಎನ್ನುತ್ತಿದ್ದ. ಅಷ್ಟರಲ್ಲಿ ಎಸ್ಟೇಟಿನಲ್ಲಿ ಕಾಫಿ ಪಿಕಿಂಗ್ ಶುರುವಾಗಿತ್ತು. ಮನೆಗೆ ಬರುವಾಗ ಅವನ ಕಾಲುಗಳು ನೆಲದಿಂದ ಏಳುತ್ತಿರಲಿಲ್ಲ. ಆದರೂ ಬೇಲಿ ಮುಟ್ಟುವುದು ಬಿಡಲಿಲ್ಲ. ಮಲಗುವ ಮೊದಲು ಇನ್ನೊಮ್ಮೆ, ಎಚ್ಚರವಾದಾಗ ಮತ್ತೊಮ್ಮೆ ಶೆಡ್ಡಿಗೆ ಹೋಗಿ ಬರತೊಡಗಿದ. "ಮನುಷ್ಯರು ನಿದ್ದೆ ಮಾಡಬೇಕು ಅಕ್ಕ, ನೀವಾದ್ರೂ ಹೇಳಿ," ಎಂದಳು ರಂಜಿತಾ. ನಾನು ಹೇಳಿದೆ. "ಆಯ್ತಕ್ಕ," ಎಂದ. ಆದರೆ ಮಾಡಲಿಲ್ಲ.

ಮೊನ್ನೆ ಭಾನುವಾರ ಆ ಇಬ್ಬರೂ ಹೇಳದೆ ಕೇಳದೆ ಬಂದರು. ನಿಂಗಮ್ಮ ಅದೇ ಹೊತ್ತಿಗೆ ಮಜ್ಜಿಗೆ ಹಿಡಿದುಕೊಂಡು ಶಶಿಯ ಮನೆಗೆ ಬಂದಿದ್ದಳು. "ಬಂದ್ರಾ ಬ್ಯಾಂಡ್ ಸೆಟ್ನೋರು," ಎಂದು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಸಿದ್ಧಾರ್ಥ ತಲೆ ತಗ್ಗಿಸಿದ. "ತಪ್ಪು ನಂದೇ ಅಮ್ಮ, ಆಫ್ ಮಾಡಿ ಅಂದಿದ್ದು ನಾನು."

"ಹೇಳ್ದೋನು ನೀನು, ಕೇಳ್ದೋನು ಅವನು, ತಿಂದಿದ್ದು ಆನೆ. ನಂದೇನೈತೆ? ಕೂತ್ಕಳಿ, ಕೂತ್ಕಳಿ."

ಸಿದ್ಧಾರ್ಥ ಬ್ಯಾಗಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಶಶಿಯ ಮಡಿಲಲ್ಲಿಟ್ಟ. "ಹಂಬಕರ್ ಅಣ್ಣ. ನಿಮ್ಗೇ ಅಂತ ತರ್ಸಿದೀನಿ. ನಿಮ್ಮ ಗಿಟಾರ್ ಅಳತೆಗೆ ಸರಿಯಾಗಿ ಕೂರತ್ತೆ, ಮರ ಕೊರೆಯೋದೂ ಬೇಡ. ಇನ್ಮೇಲೆ ಬೇಲಿ ಆಫ್ ಮಾಡೋ ಮಾತೇ ಇಲ್ಲ. ಬೇಲಿ ಅದ್ರ ಪಾಡಿಗೆ, ನೀವು ನಿಮ್ಮ ಪಾಡಿಗೆ."

ಹಂಬಕರ್ ಎಂದರೆ ಉರಿದು ಬೀಳುತ್ತಿದ್ದ ದಿಗಂತನೇ ಬೆಸುಗೆ ಹಾಕುವ ಕಡ್ಡಿ ತಂದಿದ್ದ. "ಕಂಬಳಿ ಹೊದ್ದ ಟೋನ್ ಆದ್ರೂ ಆಗ್ಲಿ ಅಣ್ಣ. ನೀವು ನುಡ್ಸಿದ್ರೆ ಸಾಕು. ಒಂದು ಗಂಟೆ ಕೆಲ್ಸ, ಇಲ್ಲೇ ಕೂತು ಹಾಕ್ಕೊಡ್ತೇನೆ."

ಶಶಿ ಪೊಟ್ಟಣ ಬಿಚ್ಚಿ ಅದನ್ನು ತಿರುಗಿಸಿ ನೋಡಿದ. ಚೆಂದದ ವಸ್ತು, ಬೆಳ್ಳಿಯ ಕುಂಕುಮದ ಭರಣಿಯಂತೆ ಹೊಳೆಯುತ್ತಿತ್ತು.

"ಇದು ಹಾಕಿದ್ರೆ ಟಿಕ್ ಪೂರ್ತಿ ಹೋಗುತ್ತಾ?"

"ನಿಮ್ಗೆ ಕೇಳ್ಸೋದೇ ಇಲ್ಲ. ಗ್ಯಾರಂಟಿ."

"ಹಂಗಾದ್ರೆ ಬೇಡ ಸಿದ್ಧು."

ಇಬ್ಬರೂ ಅವನ ಮುಖ ನೋಡಿದರು. ನಿಂಗಮ್ಮ, "ಹಾಕ್ಸಿಕೊಳ್ಳೋ, ಕೊಡ್ತಾವ್ರೆ," ಎಂದಳು.

ಶಶಿ ನಿಧಾನವಾಗಿ ಹೇಳಿದ. "ಅವತ್ತು ಆ ರೆಕಾರ್ಡಿಂಗ್ ಎಷ್ಟು ಸಲ ಕೇಳಿದ್ವಿ. ಟಿಕ್ ಇಲ್ಲ, ಟಿಕ್ ಇಲ್ಲ ಅಂತ ಕುಣಿದ್ವಿ. ಟಿಕ್ ಇಲ್ಲ ಅಂದ್ರೆ ಬೇಲಿ ಸತ್ತಿದೆ ಅಂತ ಮೂರು ಜನದಲ್ಲಿ ಒಬ್ಬನಿಗಾದ್ರೂ ಹೊಳೀತಾ?"

"ಬಾಕ್ಸಲ್ಲಿ ಲೈಟ್ ಇದೆಯಲ್ಲ ಅಣ್ಣ, ನೋಡ್ಕೊಂಡ್ರಾಯ್ತು."

"ಲೈಟು ಶೆಡ್ಡಲ್ಲಿರುತ್ತೆ. ನಾನು ಇಲ್ಲಿರ್ತೀನಿ. ಇದು ಹಾಕ್ಕೊಂಡ್ರೆ ಎರಡು ಸಾಲು ನುಡ್ಸೋದು, ಎದ್ದು ಹೋಗಿ ನೋಡೋದು. ಮತ್ತೆರಡು ಸಾಲು ನುಡ್ಸೋದು, ಎದ್ದು ಹೋಗೋದು. ಅಷ್ಟೊಂದು ಓಡಾಡೋ ಶಕ್ತಿ ನಂಗಿಲ್ಲ. ಸಾಕಾಗಿದೆ ಕಣೋ." ಹಂಬಕರನ್ನು ಕಾಗದದ ಮೇಲಿಟ್ಟು ಹೇಳಿದ, "ಆ ಹಾಳು ಸದ್ದು ಕಿವಿ ಮೇಲೆ ಬೀಳ್ತಾ ಇದ್ರೇನೆ ನಾನು ಒಂದ್ ಕಡೆ ಕೂತು ನುಡ್ಸಕ್ಕಾಗೋದು."

ಅವನು ಹಂಬಕರನ್ನು ಮೊದಲಿದ್ದ ಹಾಗೆಯೇ ಕಾಗದದಲ್ಲಿ ಸುತ್ತಿ, ಸಿದ್ಧಾರ್ಥನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಚಿದ.

"ನಿನ್ನ ಗಿಟಾರ್‌ಗೇ ಹಾಕ್ಕೋ. ಬೇಜಾರ್ ಮಾಡ್ಕೋಬೇಡ."