ಯಾವ ಸ್ಲೋ, ಮೇಡಂ?

ಶ್ರಾವ್ಯ, ಚಿರಾಗ್, ಹೋದ ಶನಿವಾರ ನಿಮ್ಮ ಅಜ್ಜಿ ಇಂಗ್ಲಿಷ್ ಟೀಚರ್‌ಗೇ ಇಂಗ್ಲಿಷ್‌ನಲ್ಲಿ ಪ್ರಶ್ನೆ ಹಾಕಿದಳು!

ನಿಮಗೆ ಗೊತ್ತಿರುವುದೇ. ಆದರೂ ಬರೆದಿಡುತ್ತೇನೆ, ದೊಡ್ಡವರಾದ ಮೇಲೆ ಮರೆತುಬಿಡುತ್ತೀರಿ. (ಈ ಅಂಕಣ ಓದುವವರಿಗೂ ನಾನು ಎಂಥವಳೆಂದು ಗೊತ್ತು. ಬಸ್ಸಿನಲ್ಲಿ ‘ನಿಲ್ಸಪ್ಪಾ’ ಅನ್ನಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದು ಬರುವವಳು.)

ಶುಕ್ರವಾರ ಸ್ಕೂಲಿನಿಂದ ಫೋನ್ ಬಂತು. ಶ್ರಾವ್ಯ ತುಂಬಾ ಸ್ಲೋ, ಸೋಮವಾರದಿಂದ ಅವಳನ್ನು ‘ಎ’ ಸೆಕ್ಷನ್ನಿನಿಂದ ‘ಸಿ’ಗೆ ಹಾಕುತ್ತೇವೆ, ಮನೆಯವರು ಬಂದು ಸಹಿ ಮಾಡಿ ಎಂದರು. ‘ಸಿ’ ಎಂದರೆ ಹಿಂದುಳಿದ ಮಕ್ಕಳದು. ಒಮ್ಮೆ ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ನೋಡಿಲ್ಲ.

ಸಂಜೆ ಹುಳದ ಮನೆಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದೆ. ಶ್ರಾವ್ಯ ನೋಟ್‌ಬುಕ್ ಹಿಡಿದು ಅಳುತ್ತಾ ಬಂದಳು.

“ಮಿಸ್ಸು ಸ್ಲೋ ಅನ್ನೋಕಿರೋ ಐದು ವರ್ಡ್ ಕೊಟ್ಟು ಅರ್ಥ ಬರೀರಿ ಅಂದ್ರು. ಎಲ್ರೂ ಐದಕ್ಕೂ ‘ನಿಧಾನ’ ಅಂತ ಬರ್ದು ಕೊಟ್ಬಿಟ್ರು. ನಾನು ಖಾಲಿ ಬಿಟ್ಟೆ.”

“ಯಾಕವ್ವಾ?”

“ಎಲ್ಲಾ ಒಂದೇ ಆಗಿದ್ರೆ ಐದು ಯಾಕಿರ್ಬೇಕು ಅಜ್ಜಿ?”

“ಲೇ ಟ್ಯೂಬ್‌ಲೈಟ್!” ಎಂದು ಚಿರಾಗ್ ನಕ್ಕ. ನನಗೆ ನಗು ಬರಲಿಲ್ಲ. ಅವಳ ಪ್ರಶ್ನೆ ಸರಿಯಾಗಿಯೇ ಇತ್ತಲ್ಲ?

ಚಿರಾಗ್‌ಗೆ ಮೊಬೈಲಿನಲ್ಲಿ ಅರ್ಥ ಹುಡುಕಿ ಓದು ಎಂದೆ. ಅವನು ಓದಿದಂತೆ ನಾನು ನಮ್ಮ ಮನೆಯಿಂದಲೇ ಹೋಲಿಕೆ ಕೊಡುತ್ತಾ ಹೋದೆ. ಸ್ಲಗಿಶ್: ಇರಬೇಕಾದ ಚುರುಕೂ ಇಲ್ಲದ್ದು. ಅದು ಸಪ್ಪೆ ರೋಗದ ಹುಳು, ಬಾಯಿ ಮುಂದೆ ಸೊಪ್ಪಿದ್ದರೂ ಮೇಯುವುದಿಲ್ಲ. ಗ್ರ್ಯಾಜುಯಲ್? ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ಹಾಗೆ, ಇಷ್ಟಿಷ್ಟೇ. ಲೀಜರ್ಲಿ, ನಿಮ್ಮ ತಾತ ಬದುಕಿದ್ದಾಗ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ರೀತಿ. ಲೇಜಿ ಎಂದರೆ ‘ನೀರು ತಾರೋ’ ಎಂದಾಗಿನ ಚಿರಾಗ್. (ಈಗ ನಗುವ ಸರದಿ ಶ್ರಾವ್ಯಳದು.)

ಉಳಿದದ್ದು ಡಾರ್ಮೆಂಟ್. ಹೊರಗೆ ಅಲ್ಲಾಡದು, ಒಳಗೆ ಜೀವ ಕಾದಿರುತ್ತದೆ. ಅದನ್ನು ಕೇಳಿದ್ದೇ ನನ್ನ ಹಳೆಯ ತಪ್ಪೊಂದು ನೆನಪಾಯಿತು.

ಮಾರನೆ ದಿನ ಸ್ಕೂಲಿಗೆ ನಾನೇ ಹೊರಟೆ. ಹುಳು ಹಣ್ಣಾಗುವ ಹೊತ್ತಿನಲ್ಲಿ ನಿಮ್ಮ ಅಪ್ಪ ಅಮ್ಮ ಕದಲುವಂತಿರಲಿಲ್ಲ. ಟೀಚರ್ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ.

“ಬೇಜಾರ್ ಮಾಡ್ಕೋಬೇಡಿ ಅಮ್ಮಾ. ಮಗು ಸ್ಲೋ. ಇಲ್ಲೊಂದು ಸೈನ್ ಹಾಕಿ.”

ಪೆನ್ನು ಕೈಗೆ ಬಂತು. ಬಾಯಿ ತಾನಾಗಿ ತೆರೆಯಿತು.

“ಯಾವ ಸ್ಲೋ, ಮೇಡಂ?”

“ಹಂಗಂದ್ರೆ?”

“ಸ್ಲಗಿಶ್ಶಾ? ಲೇಜಿಯಾ? ಡಾರ್ಮೆಂಟಾ?”

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಯಾರಿಗೂ ಹೇಳದ ಆ ತಪ್ಪನ್ನು ನಾನು ಅವರಿಗೆ ಹೇಳಿಬಿಟ್ಟೆ.

ನಾನು ನೆಲಮಂಗಲದ ಕಡೆಯವಳು. ರಾಗಿ ಗೊತ್ತು, ರೇಷ್ಮೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಒಂದು ತಟ್ಟೆಯ ಹುಳುಗಳೆಲ್ಲ ತಲೆ ಎತ್ತಿ ಕಲ್ಲಿನಂತೆ ಕೂತಿದ್ದವು. ಸತ್ತಿವೆ ಎಂದುಕೊಂಡು ತಿಪ್ಪೆಗೆ ಸುರಿದೆ. ಅತ್ತೆ ಓಡಿ ಬಂದು, ತಿಪ್ಪೆಯ ಮೇಲೇ ಕೂತು, ಒಂದೊಂದೇ ಹುಳುವನ್ನು ಸೆರಗಿಗೆ ಆರಿಸಿಕೊಂಡರು.

“ಜ್ವರಕ್ಕೆ ಕೂತವೆ ಕಣವ್ವಾ. ಮೈ ಬೆಳ್ದು ಹಳೇ ಚರ್ಮ ಸಾಲ್ದಾಗೈತೆ. ಹೊಸದು ಹಾಕ್ಕೊಳೋವರ್ಗೂ ಅಲ್ಲಾಡಾಕಿಲ್ಲ” ಎಂದರು.

ಮಾರನೆ ದಿನ ಅವೇ ಹುಳುಗಳು ಎದ್ದು ಸೊಪ್ಪಿನ ಮೇಲೆ ಬಿದ್ದವು. ಮಳೆ ಬಂದಂತೆ ಸದ್ದು! ಆ ಬೆಳೆಯಲ್ಲಿ ಅವುಗಳದೇ ಗಟ್ಟಿ ಗೂಡು.

“ನಮ್ಮ ಮಗೂನ ತಿಪ್ಪೆಗೆ ಹಾಕ್ಬೇಡಿ ಮೇಡಂ. ಒಂದ್ಸಲ ಕರ್ದು ಕೇಳಿ” ಎಂದೆ.

ಶ್ರಾವ್ಯ ಬಂದಳು. ಟೀಚರ್ ಐದೂ ಪದ ಕೇಳಿದರು. ನಿಧಾನವಾಗಿ, ಒಂದೊಂದಾಗಿ, ಐದಕ್ಕೂ ಬೇರೆ ಬೇರೆ ಅರ್ಥ ಹೇಳಿದಳು. ಲೇಜಿಗೆ ಅಣ್ಣನ ಹೆಸರನ್ನೂ ಸೇರಿಸಿದಳು.

“ಯಾರು ಹೇಳ್ಕೊಟ್ರು?”

“ನಮ್ಮನೆ ಹುಳು, ಮಿಸ್.”

ಟೀಚರ್ ನಕ್ಕರು. ನನ್ನ ಮುಂದಿದ್ದ ಫಾರಂ ಎಳೆದುಕೊಂಡು ಎರಡು ತುಂಡು ಮಾಡಿದರು. “ಕ್ಲಾಸಲ್ಲಿ ಬೇರೆ ಯಾರೂ ಇಷ್ಟು ಚೆನ್ನಾಗಿ ಹೇಳ್ಲಿಲ್ಲ. ಇವಳು ‘ಎ’ನಲ್ಲೇ ಇರ್ಲಿ. ಮಕ್ಕಳನ್ನ ನಿಮ್ಮ ಹುಳದ ಮನೆಗೆ ಕರ್ಕೊಂಡ್ ಬರ್ಲಾ ಅಮ್ಮಾ?”

“ಮುಂದಿನ ಬೆಳೆಗೆ ಬನ್ನಿ. ಸೆಂಟ್ ಮಾತ್ರ ಹಾಕ್ಕೊಂಡ್ ಬರ್ಬೇಡಿ, ಹುಳಕ್ಕೆ ಆಗಲ್ಲ.”

ವಾಪಸ್ ಬರುವಾಗ ನಮ್ಮೂರ ಸ್ಟಾಪ್ ಬರುತ್ತಿದ್ದಂತೆ ಎದ್ದು ನಿಂತು “ನಿಲ್ಸಪ್ಪಾ!” ಎಂದೆ. ಇಡೀ ಬಸ್ಸು ತಿರುಗಿ ನೋಡಿತು. “ಯಾಕಜ್ಜೀ, ದೊಡ್ಡಬಳ್ಳಾಪುರಕ್ಕೇ ಕೇಳೋ ಹಂಗೆ ಕೂಗ್ತೀಯ!” ಎಂದ ಕಂಡಕ್ಟರ್. ಕೂಗುತ್ತೇನೆ ಬಿಡಪ್ಪಾ, ಇಷ್ಟು ವರ್ಷದ್ದು ಬಾಕಿ ಇತ್ತು.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಯಾರಾದರೂ ನಿಮ್ಮನ್ನು ಸ್ಲೋ ಎಂದ ದಿನ ತೆಗೆದು ಓದಿ. ಆಮೇಲೆ ತಲೆ ಎತ್ತಿ ಅವರನ್ನೇ ಕೇಳಿ: ಯಾವ ಸ್ಲೋ?